ಹೊಸ್ತಿಲಾಚೆಯ ಕಾಗದ

ಸಾವಿನ ಕಾಗದ ಬಂದರೆ ನಮ್ಮ ಅಜ್ಜಿ ಅದನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಅಂಚೆಯವನಿಂದ ಕಾರ್ಡು ಇಸಿದುಕೊಂಡವರು ಕಟ್ಟೆಯ ಮೇಲೆ ನಿಂತೇ ಓದಬೇಕು. ಓದಿ ಆದ ಮೇಲೆ ನಾಲ್ಕು ಚೂರು ಮಾಡಿ ತಿಪ್ಪೆಗೆ ಹಾಕಿ, ಕೈಕಾಲು ಮುಖ ತೊಳೆದು ಒಳಗೆ ಬರಬೇಕು. ಸತ್ತವರು ಹತ್ತಿರದ ಬಳಗವಾದರೆ ತಲೆಯ ಮೇಲೆ ನೀರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕಾರ್ಡಿನ ನೆತ್ತಿಯ ಮೇಲೆ ‘ಶ್ರೀ’ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಮಾರು ದೂರದಿಂದಲೇ ಗುರುತಿಸುತ್ತಿದ್ದಳು. ಶ್ರೀ ಇಲ್ಲದ ಕಾರ್ಡು ಕಂಡರೆ, “ಅಲ್ಲೇ ನಿಂತು ಓದವ್ವ, ಒಳಗ ತರಬ್ಯಾಡ” ಎನ್ನುತ್ತಿದ್ದಳು.

ಶಾಲೆಗೆ ರಜೆಯಿದ್ದಾಗ ಹಾಗೆ ಓದುವ ಕೆಲಸ ನನ್ನದು. 1970ರ ದಶಕದ ಕೊನೆಯ ಮಾತು. ಗಂಡಸರೆಲ್ಲ ಹೊಲದಲ್ಲಿರುತ್ತಿದ್ದರು, ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ‘ಶಿವಾಧೀನರಾದರು’, ‘ಲಿಂಗೈಕ್ಯರಾದರು’ ಎಂಬ ಮಾತುಗಳನ್ನು ನಾನು ಪಠ್ಯಪುಸ್ತಕದಲ್ಲಿ ಕಲಿಯಲಿಲ್ಲ, ಆ ಕಟ್ಟೆಯ ಮೇಲೆ ಕಲಿತೆ. ಓದಿ ಮುಗಿಸುತ್ತಲೇ ಅಜ್ಜಿ ಒಂದು ನಿಮಿಷ ಕಣ್ಣೀರು ಹಾಕುವಳು, ಆಮೇಲೆ “ಹರಿದು ಒಗಿ” ಎನ್ನುವಳು. ನಾನು ಹರಿಯುತ್ತಿದ್ದೆ. ಈಗ ಲೆಕ್ಕ ಹಾಕಿದರೆ ಎಷ್ಟು ಕಾರ್ಡು ಹರಿದೆನೋ! ಇಂಥವರ ಮಗಳು, ಇಂಥ ಊರಿನವರು, ಇಂಥ ತಿಂಗಳ ಇಂಥ ತಿಥಿ, ಎಲ್ಲ ಅದರಲ್ಲಿ ಇರುತ್ತಿತ್ತು. ನಮ್ಮ ಮನೆತನದ ಚರಿತ್ರೆಯನ್ನು ಯಾರೋ ಶತ್ರುಗಳು ಬಂದು ಹಾಳು ಮಾಡಲಿಲ್ಲ. ಮುಂದೆ ಸಮಾಜ ವಿಜ್ಞಾನದ ಟೀಚರಾಗಲಿದ್ದ ನಾನೇ ಚೂರು ಚೂರು ಮಾಡಿ ತಿಪ್ಪೆಗೆ ಹಾಕಿದೆ.

ಅಜ್ಜಿಗೆ ಇನ್ನೂ ಕೆಲವು ನೇಮಗಳಿದ್ದವು. ನಮ್ಮ ಕಡೆ ಊಟದ ತಟ್ಟೆಗೆ ಗಂಗಾಳ ಎನ್ನುತ್ತೇವೆ. ಅಜ್ಜಿ ಮಾತ್ರ ಒಂದು ದಿನವೂ ಆ ಮಾತು ಆಡಲಿಲ್ಲ. “ಉಣ್ಣೋದು ತಾ”, “ಉಣ್ಣೋದು ಬೆಳಗಿಡು” ಎನ್ನುವಳು. ಗಂಗಾಪೂಜೆ ಎಂಬುದು ಅವಳ ಬಾಯಲ್ಲಿ ಹೊಳಿಪೂಜೆ. ಮುದುಕರ ಮಾತಿನ ರೀತಿ ಎಂದು ನಾವು ಮಕ್ಕಳು ಅಣಕಿಸಿ ನಗುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಮಕ್ಕಳಿಗೆ ಅವರವರ ಮನೆಯ ವಂಶವೃಕ್ಷ ಬರೆದು ತರಲು ಹೇಳಿದ್ದೆ. ಒಬ್ಬ ಹುಡುಗಿ ತನ್ನ ಹಾಳೆಯಲ್ಲಿ ಮುತ್ತಜ್ಜಿಯ ಜಾಗ ಖಾಲಿ ಬಿಟ್ಟಿದ್ದಳು. ಕೇಳಿದ್ದಕ್ಕೆ, “ಮನ್ಯಾಗ ಯಾರಿಗೂ ಗೊತ್ತಿಲ್ರೀ ಟೀಚರ್, ನಿಮ್ಮ ಮುತ್ತಜ್ಜಿ ಹೆಸರೇನ್ರೀ?” ಎಂದಳು. ಅವಳಲ್ಲಿ ಕೊಂಕಿರಲಿಲ್ಲ. ನಾನು ಸಂಗಮ, ಸಾಳುವ, ತುಳುವ, ಅರವೀಡು ಎಂದು ವಿಜಯನಗರದ ನಾಲ್ಕು ವಂಶಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ನಮ್ಮಪ್ಪನ ಅಪ್ಪನನ್ನು ಹೆತ್ತವಳ ಹೆಸರು ನನಗೆ ಗೊತ್ತಿರಲಿಲ್ಲ. ಅಪ್ಪ ಆಗಲೇ ತೀರಿಕೊಂಡಿದ್ದರು. ಅಮ್ಮನನ್ನು ಕೇಳಿದರೆ, “ನಿಮ್ಮಜ್ಜಿಗೇ ಅತ್ತಿ ಮಕ ಗೊತ್ತಿರಲಿಲ್ಲ, ನನಗೇನು ಗೊತ್ತು” ಎಂದಳು.

ಹುಡುಕಾಟ ಅಲ್ಲಿಂದ ಶುರುವಾಯಿತು. ರಾಜರ ವಿಷಯದಲ್ಲಿ ನಾವು ಶಾಸನ ನೋಡುತ್ತೇವೆ, ನಾಣ್ಯ ನೋಡುತ್ತೇವೆ. ಒಕ್ಕಲು ಮನೆಯವರ ವಿಷಯದಲ್ಲಿ ಏನನ್ನು ನೋಡುವುದು? ಇರುವುದು ಎರಡೇ: ಹೂತ ಜಾಗ ಮತ್ತು ಸತ್ತ ಸುದ್ದಿ. ಮೂರನೆಯದಾಗಿ, ನಮ್ಮ ಪುಣ್ಯಕ್ಕೆ, ಹೆಳವರು.

ಪಟ್ಟಣದಲ್ಲಿ ಬೆಳೆದ ಓದುಗರಿಗೆ ಹೆಳವರ ವಿಷಯ ಸ್ವಲ್ಪ ಹೇಳಬೇಕು. ಸುಗ್ಗಿ ಮುಗಿಯುವ ಕಾಲಕ್ಕೆ ಎತ್ತಿನೊಂದಿಗೆ ಗಂಟೆ ಬಾರಿಸುತ್ತ ಊರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆಯ ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವವರು ಅವರು. ಮೂಲಪುರುಷ ಯಾವ ಊರಿಂದ ಬಂದ, ಯಾಕೆ ಊರು ಬಿಟ್ಟ, ಎಷ್ಟು ಮಕ್ಕಳು, ಯಾರು ಬೇರೆಯಾದರು, ಎಲ್ಲ ಅವರ ಪುಸ್ತಕದಲ್ಲಿರುತ್ತದೆ. ಈ ಮನೆತನಗಳು ನಮಗೆ, ಆ ಮನೆತನಗಳು ನಿಮಗೆ ಎಂದು ಅವರವರಲ್ಲೇ ಹಂಚಿಕೆ ಇದೆ. ಒಮ್ಮೆ ಬಂದವರು ಮತ್ತೆ ಬರುವುದು ಕೆಲವು ವರ್ಷಗಳ ಮೇಲೆ. ಬಂದಾಗ ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು, ಬಟ್ಟೆ, ಹಣ, ಉಳ್ಳವರ ಮನೆಯಲ್ಲಿ ಕರುವನ್ನೂ ಇಸಿದುಕೊಂಡು ಹೋಗುತ್ತಾರೆ. ಮೊದಲು ಎತ್ತು, ಈಗ ಕೆಲವರು ಮೋಟಾರ್ ಸೈಕಲ್ಲಿನಲ್ಲಿ ಬರುವುದೂ ಉಂಟು. ಪುಸ್ತಕ ಮಾತ್ರ ಅದೇ.

ನಮ್ಮ ಮನೆತನದ ಹೆಳವರು ಬಂದಾಗ ಮರಿಯಮ್ಮನಹಳ್ಳಿಯಲ್ಲಿರುವ ತಮ್ಮ ಫೋನು ಮಾಡಿದ. ನಾನು ಹೊಸಪೇಟೆಯಿಂದ ಬಸ್ಸು ಹತ್ತಿ ಹೋದೆ. ಏಳು ತಲೆಮಾರು ಗಡಗಡನೆ ಹೇಳಿದರು. ಎಲ್ಲ ಗಂಡು ಹೆಸರುಗಳೇ. ಮುತ್ತಜ್ಜನ ಸರದಿ ಬಂದಾಗ, “ಇವರಿಗೆ ಎರಡು ಲಗ್ನ. ಒಬ್ಬಾಕಿ ಸಂಡೂರು ಕಡೆಯಾಕಿ, ಒಬ್ಬಾಕಿ ಕಂಪ್ಲಿ ಕಡೆಯಾಕಿ” ಎಂದರು. ಹೆಸರು? “ಹೆಣ್ಣುಮಕ್ಕಳದು ಊರು ಬರಕೊಂತೀವ್ರೀ ಅಕ್ಕಾರ, ಹೆಸರು ಬರಕೊಳಂಗಿಲ್ಲ.” ಹಾಗೆ ಮುತ್ತಜ್ಜಿ ಯಾರು ಎಂದು ಹುಡುಕಲು ಹೋದವಳಿಗೆ ಒಬ್ಬರ ಬದಲು ಇಬ್ಬರು ಸಿಕ್ಕರು. ಇಬ್ಬರಿಗೂ ಹೆಸರಿಲ್ಲ.

ಇನ್ನು ಹೂತ ಜಾಗ. ನಮ್ಮಲ್ಲಿ ಸುಡುವುದಿಲ್ಲ. ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಉಳ್ಳವರು ಸ್ವಂತ ಹೊಲದ ಮೂಲೆಯಲ್ಲಿ ಗದ್ದುಗೆ ಕಟ್ಟಿಸುತ್ತಾರೆ. ಹೊಲಕ್ಕೆ ಹೋದಾಗಲೆಲ್ಲ ಕಾಯಿ ಒಡೆದು ಬರುವುದು ರೂಢಿ. ಆದರೆ ನಮ್ಮ ಹಿರಿಯರ ಗದ್ದುಗೆಗಳಿರುವ ಹೊಲಕ್ಕೆ ಹೋಗಬೇಕೆಂದರೆ ಮಳೆಗಾಲದಲ್ಲಾದರೆ ಮೀನುಗಾರರ ತೆಪ್ಪ ಬೇಕು. ನಮ್ಮ ಮೂಲ ಊರು ನಾರಾಯಣದೇವರಕೆರೆ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ 90 ಹಳ್ಳಿಗಳಲ್ಲಿ ಅದೂ ಒಂದು, ಮತ್ತು ದೊಡ್ಡದು. 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. 54 ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ನಾರಾಯಣದೇವರಕೆರೆಯವರು ಬಂದು ನೆಲೆಸಿದ್ದು ಮರಿಯಮ್ಮನಹಳ್ಳಿಯಲ್ಲಿ. ಅದೇ 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮಪ್ಪನಿಗೆ ಆಗ ಹದಿಮೂರು ವರ್ಷ. ಒಂದೇ ವರ್ಷ ಊರೂ ಬದಲು, ರಾಜ್ಯವೂ ಬದಲು ಎಂದು ಅವರು ತಮಾಷೆ ಮಾಡುತ್ತಿದ್ದರು. ಈ ನೀರಿನಿಂದ ಎಷ್ಟು ಲಕ್ಷ ಎಕರೆ ಹಸಿರಾಯಿತು, ಕಂಪ್ಲಿಯ ಕಡೆ ಭತ್ತ, ಕಬ್ಬು, ಬಾಳೆ ಹೇಗೆ ನಗುತ್ತವೆ ಎಂಬುದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ, ನಂಬಿಯೇ ಮಾಡುತ್ತೇನೆ. ದೇವರ ಮೂರ್ತಿಗಳನ್ನು ಜನ ಎತ್ತಿ ತಂದರು, ಬಾಗಿಲು ತೊಲೆ ಕಳಚಿ ತಂದರು. ಕೂತ ಹಿರಿಯರನ್ನು ಮಾತ್ರ ಎಬ್ಬಿಸಿ ತರುವಂತಿರಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತಲ್ಲ, ಅದರ ಮುಂದಿನ ಬೇಸಿಗೆ ಹಿನ್ನೀರು ಬಹಳ ದೂರ ಸರಿಯಿತು. ಹಳೆಯ ಊರು ಕಾಣುತ್ತಿದೆ ಎಂದು ಸುದ್ದಿ ಬಂತು. 2024ರ ಮೇ ತಿಂಗಳ ಒಂದು ಬೆಳಿಗ್ಗೆ ನಾನು, ತಮ್ಮ, ಓಣಿಯ ಒಬ್ಬ ಅಜ್ಜ ಹೊರಟೆವು. ಆತ ಊರು ಬಿಡುವಾಗ ಹತ್ತು ವರ್ಷದ ಹುಡುಗ. ಬಿರುಕು ಬಿಟ್ಟ ಮೆಕ್ಕಲು ಮಣ್ಣಿನ ಮೇಲೆ ಒಂದು ತಾಸು ನಡೆದೆವು. ಒಂದು ಕಾಲಕ್ಕೆ 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ಕ್ಕೆ ಇಳಿದಿದೆ ಎಂದು ಪೇಪರಿನಲ್ಲಿ ಓದಿದ್ದೆ. ಆ ಹೂಳು ಎಂದರೇನು ಎಂಬುದು ಕಾಲಿಟ್ಟಾಗ ಗೊತ್ತಾಯಿತು. ಗೋಡೆಗಳು ಮೊಣಕಾಲೆತ್ತರ ಮಾತ್ರ ಕಾಣುತ್ತಿದ್ದವು, ಉಳಿದದ್ದು ಮಣ್ಣಿನೊಳಗೆ. ಹಾಗಾದರೆ ನಮ್ಮ ಹಿರಿಯರನ್ನು ಎರಡು ಸಲ ಹೂತಂತಾಯಿತು, ಒಮ್ಮೆ ಬಳಗದವರು, ಇನ್ನೊಮ್ಮೆ ಹೊಳೆ.

ಅಜ್ಜ ಬಹಳ ಹೊತ್ತು ನಿಂತಲ್ಲೇ ತಿರುತಿರುಗಿ ನೋಡಿದ. ಗುಡ್ಡದ ಸಾಲನ್ನು ಗುರುತು ಹಿಡಿದು, “ಅಗಸಿ ಬಾಗಲ ಇಲ್ಲಿತ್ತು, ನಿಮ್ಮ ಹೊಲದ ದಾರಿ ಹಿಂಗ” ಎಂದು ಕೋಲು ತೋರಿಸಿದ. ಅಲ್ಲಿ ನಾಲ್ಕೈದು ಗದ್ದುಗೆಗಳ ತಳಪಾಯದ ಕಲ್ಲುಗಳಿದ್ದವು. ಒಂದರ ಬಳಿ ಅಂಗಾತ ಬಿದ್ದ ಚಪ್ಪಡಿ, ಅದರ ಮೇಲೆ ನಂದಿ, ಲಿಂಗ, ಕೆಳಗೆ ನಾಲ್ಕು ಸಾಲು ಅಕ್ಷರ. ಸವೆದು ಕಣ್ಣಿಗೆ ಹತ್ತುತ್ತಿರಲಿಲ್ಲ. ಶಾಸನ ಓದುವವರು ಒದ್ದೆ ಕಾಗದ ಅಂಟಿಸಿ, ಬಡಿದು, ಮಸಿ ಸವರಿ ಅಚ್ಚು ತೆಗೆಯುತ್ತಾರೆ. ನನ್ನ ಬಳಿ ಇದ್ದದ್ದು ಪರ್ಸಿನ ತಳದಲ್ಲಿ ಸದಾ ಬಿದ್ದಿರುವ ಸೀಮೆಸುಣ್ಣದ ತುಂಡು. ಅದನ್ನೇ ಅಡ್ಡಡ್ಡ ಹಿಡಿದು ಮೆಲ್ಲಗೆ ಉಜ್ಜಿದೆ. ಗುಂಡಿಗಳು ಕಪ್ಪಾಗಿ ಉಳಿದು ಅಕ್ಷರ ಎದ್ದವು. ಕಾಳಯುಕ್ತಿ ಸಂವತ್ಸರ, ಆಶ್ವೀಜ ಮಾಸ. ಆಮೇಲೆ ಮುತ್ತಜ್ಜನ ಹೆಸರು, ಮನೆತನದ ಹೆಸರು. ಆಮೇಲೆ ‘ಇವರ ಧರ್ಮಪತ್ನಿ ಲಿಂಗೈಕ್ಯ’. ಅಷ್ಟೇ. ಕೊನೆಯ ಸಾಲಿನ ಮುಂದೆ ಜಾಗ ಬೇಕಾದಷ್ಟಿತ್ತು. ಕಲ್ಲು ಮುರಿದಿರಲಿಲ್ಲ, ಅಕ್ಷರ ಅಳಿಸಿರಲಿಲ್ಲ. ಕೆತ್ತಿಸುವಾಗಲೇ ಹೆಸರು ಹೇಳಿರಲಿಲ್ಲ.

ತಮ್ಮ ಕಾಯಿ ಒಡೆದ. ನಾನು ಕಲ್ಲಿನ ಮುಂದೆ ಕೂತೇ ಇದ್ದೆ. ಸಿಟ್ಟು ಬಂತೋ ಅಳು ಬಂತೋ ಇವತ್ತಿಗೂ ಬಿಡಿಸಿ ಹೇಳಲಾರೆ.

ಮನೆಗೆ ಬಂದು ವರ್ಷದ ಲೆಕ್ಕಕ್ಕೆ ಕೂತೆ. ನಮ್ಮ ಸಂವತ್ಸರಗಳು 60. ಅವು ಚಕ್ರದಂತೆ ತಿರುಗುವುದರಿಂದ ಬರೀ ಸಂವತ್ಸರದ ಹೆಸರು ಕೊಟ್ಟರೆ ಯಾವ ಸುತ್ತಿನದು ಎಂಬ ತೊಡಕು ಬರುತ್ತದೆ. ಕಾಳಯುಕ್ತಿ ಎಂದರೆ 1858ನೆಯ ಇಸವಿ ಆಗಬಹುದು, 1918 ಆಗಬಹುದು. ನಮ್ಮಜ್ಜ 1980ರಲ್ಲಿ ತೀರಿಕೊಂಡಾಗ ಅವರಿಗೆ ಎಪ್ಪತ್ತೆರಡು. ಹತ್ತು ವರ್ಷದವನಿದ್ದಾಗ ತಾಯಿ ಸತ್ತಳು ಎಂದು ಅವರು ಹೇಳುತ್ತಿದ್ದುದು ನನಗೂ ನೆನಪಿದೆ. ಹಾಗಾದರೆ 1918ರ ಅಕ್ಟೋಬರ್. ಇತಿಹಾಸ ಓದಿದವರಿಗೆ ಆ ತಿಂಗಳು ಸಾಕು. ಮೊದಲನೆಯ ಮಹಾಯುದ್ಧದ ಕೊನೆಗೆ ಬಂದ ಇನ್‌ಫ್ಲುಯೆಂಜಾ ಜ್ವರದ ಎರಡನೆಯ ಅಲೆ ನಮ್ಮ ದೇಶದ ಹಳ್ಳಿಗಳನ್ನು ಹೊಕ್ಕ ಕಾಲ ಅದು. ದೇಶದಲ್ಲಿ ಒಂದು ಕೋಟಿಗಿಂತ ಹೆಚ್ಚು ಜನ ಸತ್ತರು. 1921ರ ಜನಗಣತಿಯಲ್ಲಿ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆ ಬಂತು. ಅಜ್ಜ ಅದನ್ನು ‘ದೊಡ್ಡ ಜಡ್ಡು’ ಎನ್ನುತ್ತಿದ್ದರು. ಬೆಳಿಗ್ಗೆ ಒಬ್ಬರನ್ನು ಮಣ್ಣು ಮಾಡಿ ಬಂದವರು ಸಂಜೆ ಇನ್ನೊಬ್ಬರಿಗೆ ಕುಣಿ ತೋಡುತ್ತಿದ್ದರಂತೆ. ಅಂಥ ದಿನಗಳಲ್ಲಿ ಹೆಂಡತಿಗೆ ಒಂದು ಕಲ್ಲು ಹಾಕಿಸಿದನಲ್ಲ ಮುತ್ತಜ್ಜ, ಅಕ್ಕರೆ ಇಲ್ಲದವನಲ್ಲ. ಹೆಸರು ಬರೆಸಬೇಕೆಂಬುದು ಅವನ ತಲೆಗೆ ಬಂದಿರಲಾರದು. ಬದುಕಿದ್ದಾಗ ಅವನು ಅವಳನ್ನು ಹೆಸರು ಹಿಡಿದು ಕರೆದಿದ್ದರೆ ತಾನೆ!

ಹೆಸರಿಲ್ಲದ ಕಲ್ಲುಗಳು ನಮ್ಮ ಸೀಮೆಗೆ ಹೊಸವೇನಲ್ಲ. ಮಕ್ಕಳನ್ನು ಹಂಪಿಗೆ ಕರೆದೊಯ್ದಾಗಲೆಲ್ಲ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲು, ಮಾಸ್ತಿಗಲ್ಲು ತೋರಿಸುತ್ತೇನೆ. ಮಾಸ್ತಿಗಲ್ಲಿನಲ್ಲಿ ಬಳೆ ತೊಟ್ಟ ಒಂದು ಕೈ, ಮೊಣಕೈಗೆ ಮಡಚಿ ಮೇಲೆತ್ತಿದ್ದು, ಹಲವು ಕಡೆ ಅಂಗೈಯಲ್ಲಿ ನಿಂಬೆಹಣ್ಣು. ಗಂಡನೊಂದಿಗೆ ಬೆಂಕಿಗೆ ಬಿದ್ದ ಹೆಂಗಸು ಎಂಬುದಕ್ಕೆ ಆ ಕೈಯೇ ಗುರುತು. ಬಳೆ ಎಣಿಸಬಹುದು, ಹೆಸರು ಮಾತ್ರ ಸಾಮಾನ್ಯವಾಗಿ ಸಿಗುವುದಿಲ್ಲ. ಕಂಪ್ಲಿಯ ಕಥೆಯೂ ಅದೇ. 1327ರ ಸುಮಾರಿಗೆ ದೆಹಲಿಯ ತುಘಲಕನ ಸೈನ್ಯ ಕಂಪಿಲರಾಯನ ಮೇಲೆ ಬಿದ್ದಾಗ ಅರಮನೆಯ ಹೆಂಗಸರೆಲ್ಲ ಬೆಂಕಿಗೆ ಹಾರಿದರೆಂದು ಇಬ್ನ್ ಬತೂತ ಬರೆದಿದ್ದಾನೆ. ಕಂಪಿಲರಾಯ ಉಳಿದ, ಕುಮಾರರಾಮನಂತೂ ಊರೂರಿನಲ್ಲಿ ದೇವರಾದ. ಆ ಹೆಂಗಸರು ‘ಹೆಂಗಸರು’ ಆಗಿಯೇ ಉಳಿದರು. ಇನ್ನು ಹೊಸಪೇಟೆಯ ಮಾತು ಬಿಡಿ. ಕೃಷ್ಣದೇವರಾಯ ತಾಯಿ ನಾಗಲಾದೇವಿಯ ನೆನಪಿಗೆ ನಾಗಲಾಪುರವೆಂದು ಕಟ್ಟಿದ ಪೇಟೆ ಇದು ಎನ್ನುತ್ತಾರೆ. ಒಬ್ಬ ತಾಯಿಯ ಹೆಸರಿತ್ತು, ಅದನ್ನೂ ತೆಗೆದು ಜನ ‘ಹೊಸ’ ಪೇಟೆ ಎಂದರು!

ಹೂತ ಜಾಗದಲ್ಲಿ ತಿಥಿ ಸಿಕ್ಕಿತು. ಆದರೆ ಅಲ್ಲಿ ಕೂತಿರುವವಳು ಸಂಡೂರಿನವಳೋ ಕಂಪ್ಲಿಯವಳೋ? ಅದಕ್ಕೆ ಉತ್ತರ ಕೊಟ್ಟದ್ದು ಅಜ್ಜಿಯ ಕೈತಪ್ಪಿ ಉಳಿದ ಒಂದು ಸಾವಿನ ಕಾಗದ. ಅಜ್ಜ ಹಳೆಯ ಪಂಚಾಂಗಗಳನ್ನು ದಾರ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಆ ಕಟ್ಟು ಬಿಚ್ಚಿದಾಗ ಒಳಗಿಂದ 1943ರ ಒಂದು ಪೋಸ್ಟ್ ಕಾರ್ಡು ಜಾರಿ ಬಿತ್ತು. ನೆತ್ತಿಯ ಮೇಲೆ ಶ್ರೀ ಇಲ್ಲ. ಅಂಚಿನ ಖಾಲಿ ಜಾಗದಲ್ಲಿ ಅಜ್ಜ ಪೆನ್ಸಿಲಿನಿಂದ ಶೇಂಗಾ ಚೀಲದ ಲೆಕ್ಕ ಬರೆದುಕೊಂಡಿದ್ದರು. ಪುಣ್ಯಾತ್ಮರ ಜಿಪುಣತನ ನಮ್ಮನ್ನು ಕಾಪಾಡಿತು. ಕಾರ್ಡು ಸಂಡೂರು ಕಡೆಯದು. ನಿಮ್ಮ ತಾಯಿಯ ಒಡಹುಟ್ಟಿದ ತಮ್ಮ ಶಿವಾಧೀನರಾದರು, ಶಿವಗಣಾರಾಧನೆಗೆ ಬರಬೇಕು ಎಂದಿತ್ತು. ಕೊನೆಗೆ ಇನ್ನೊಂದು ಮಾತು: ತಾಯಿ ಹೋದ ಮೇಲೆ ನೀವು ಈ ಕಡೆ ಬರುವುದನ್ನೇ ಬಿಟ್ಟಿರಿ, ಈಗಲಾದರೂ ಬನ್ನಿ. ಹಾಗಾದರೆ ಅಜ್ಜನನ್ನು ಹೆತ್ತವಳು, ಕಾಳಯುಕ್ತಿಯಲ್ಲಿ ಹೋದವಳು, ಸಂಡೂರಿನವಳು. ಕಂಪ್ಲಿಯವಳು ಆಮೇಲೆ ಬಂದು ಅವನನ್ನು ಸಾಕಿದವಳು.

ಅಜ್ಜ ಹೋದರೋ ಇಲ್ಲವೋ ಕಾರ್ಡಿನಲ್ಲಿ ಇಲ್ಲ. ದೂರ ಹೆಚ್ಚಿಲ್ಲ, ಆದರೆ ಆಗ ಸಂಡೂರು ಘೋರ್ಪಡೆಯವರ ಸಂಸ್ಥಾನ, 1949ರವರೆಗೂ. ನಾರಾಯಣದೇವರಕೆರೆ ಮದ್ರಾಸಿನ ಇಂಗ್ಲಿಷ್ ಸರ್ಕಾರದ್ದು. ಹೊಳೆಯ ಆಚೆ ಕೊಪ್ಪಳ, ಆನೆಗೊಂದಿ ನಿಜಾಮನದು. ಒಂದು ಮನೆತನದ ಸಾವುಗಳ ಸುದ್ದಿ ಮೂರು ಸರ್ಕಾರಗಳನ್ನು ದಾಟಿ ಮೂರು ಕಾಸಿನ ಕಾರ್ಡಿನಲ್ಲೋ ಆಳಿನ ಬಾಯಿಯಲ್ಲೋ ಬರಬೇಕಿತ್ತು. ಅವಸರಕ್ಕೆ ತಂತಿ. ‘ತಂತಿ ಬಂತು’ ಎಂದರೆ ಒಡೆದು ನೋಡುವ ಮೊದಲೇ ಅಳುತ್ತಿದ್ದರು. 2013ರ ಜುಲೈಯಲ್ಲಿ ತಂತಿ ನಿಂತಿತು. ಈಗ ಸಾವಿನ ಸುದ್ದಿ ಮೊಬೈಲಿಗೆ ಫೋಟೋ ಸಮೇತ ಬರುತ್ತದೆ. ಹರಿಯುವ ಕಷ್ಟವೂ ಇಲ್ಲ, ಅಳಿಸಿದರಾಯಿತು.

ಆ ಕಾರ್ಡಿನ ಮೇಲಿದ್ದ ಊರಿಗೂ ಹೋಗಿ ಬಂದೆ. ಸಂಡೂರಿನ ಬೆಟ್ಟಗಳ ಬುಡದ ಊರು. ಮುತ್ತಜ್ಜಿಯ ತವರಿನ ಹೆಸರು ಹೇಳಿದರೆ ಹಿರಿಯರೊಬ್ಬರು ತಲೆದೂಗಿದರು. ಮನೆತನದವರು ಹೊಲ ಮಾರಿ ಎಲ್ಲೋ ಹೋಗಿದ್ದಾರೆ. 2003ರಿಂದ ಆರೇಳು ವರ್ಷ ಅದಿರಿಗೆ ಬಂಗಾರದ ಬೆಲೆ ಬಂದಾಗ ಆ ಹೊಲ ಅದಿರು ಸುರಿಯುವ ಬಯಲಾಯಿತಂತೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ಹೊತ್ತಿಗೆ ಗದ್ದುಗೆಗಳಿದ್ದ ಮೂಲೆಯನ್ನು ಯಂತ್ರ ತಂದು ಸಮ ಮಾಡಿ ಆಗಿತ್ತು. “ಇಲ್ಲೇ ಎಲ್ಲೋ ಇದ್ವವ್ವ” ಎಂದು ಆ ಹಿರಿಯರು ಕೆಂಪು ನೆಲದ ಮೇಲೆ ಕೈಯಾಡಿಸಿದರು. ಗಂಡನ ಮನೆಯ ಹಿರಿಯರ ಮೇಲೆ ನೀರಾದರೂ ಇದೆ, ಬೇಸಿಗೆಗೆ ಇಳಿಯುತ್ತದೆ. ತವರಿನವರ ಮೇಲೆ ಬಿದ್ದದ್ದು ಇಳಿಯುವಂಥದ್ದಲ್ಲ.

ಅಲ್ಲಿಂದ ತಲೆ ಎತ್ತಿದರೆ ರಾಮನದುರ್ಗದ ಬೆಟ್ಟ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಳ್ಳಾರಿ ದಂಡಿನ ಬಿಳಿಯ ಸಿಪಾಯಿಗಳು ಜಡ್ಡು ಬಿದ್ದರೆ ಹವಾ ಬದಲಾವಣೆಗೆಂದು ಆ ಬೆಟ್ಟಕ್ಕೆ ಕಳಿಸುತ್ತಿದ್ದರು. ಸುಧಾರಿಸದೆ ಸತ್ತವರನ್ನು ಅಲ್ಲೇ ಹೂಳುತ್ತಿದ್ದರು. ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಇಂಥ ಗೋರಿಗಳ ಮೇಲಿನ ಬರಹಗಳನ್ನೆಲ್ಲ ಕಲೆಹಾಕಿ 1905ರಲ್ಲಿ ಒಂದು ದಪ್ಪ ಪುಸ್ತಕ ಮಾಡಿದ. ಪರದೇಶದಲ್ಲಿ ಸತ್ತ ಅವರ ಹೆಂಗಸರಿಗೂ ಹಸುಗೂಸುಗಳಿಗೂ ಹೆಸರಿದೆ, ವಯಸ್ಸಿದೆ, ದಿನಾಂಕವಿದೆ. ಹೊಟ್ಟೆಕಿಚ್ಚಾಯಿತು ಎಂದರೆ ತಪ್ಪು ತಿಳಿಯಬೇಡಿ. ಅವರಿಗೆ ಬರೆದಿಡುವ ಚಟವಿತ್ತು, ನಮಗೆ ಹರಿದು ಹಾಕುವ ಮಡಿ ಇತ್ತು.

ಹೆಸರು ಕೊನೆಗೆ ಸಿಕ್ಕಿದ್ದು ಕಂಪ್ಲಿಯಲ್ಲಿ, ನಾನು ಹುಡುಕದೆ ಇದ್ದಾಗ. ನಮ್ಮಪ್ಪನ ಅಕ್ಕನನ್ನು ಕಂಪ್ಲಿಗೆ ಕೊಟ್ಟಿತ್ತು. ಅಜ್ಜ ಅಜ್ಜಿಯ ಮೊದಲ ಕೂಸು ಆಕೆ. ಆಕೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ‘ಅವ್ವಿ’ ಎನ್ನುತ್ತಿದ್ದರು, ನಾವು ಮಕ್ಕಳು ‘ಅವ್ವತ್ತಿ’ ಎನ್ನುತ್ತಿದ್ದೆವು. ಆಕೆ ಹೋದದ್ದು 2009ರಲ್ಲಿ. ಆಸ್ತಿಯ ಕಾಗದದ ವಿಷಯಕ್ಕೆ ಆಕೆಯ ಮಗ ಒಂದು ಫೈಲು ತಂದು ನನ್ನ ಮುಂದೆ ಹರವಿದ, ಟೀಚರಲ್ಲವೆ, ಅರ್ಜಿ ಬರೆದುಕೊಡಲಿ ಎಂದು. ಮರಣದ ಸರ್ಟಿಫಿಕೇಟು, ಮತದಾರರ ಚೀಟಿ, ಮತ್ತು ಪತ್ರಿಕೆಯ ‘ನಿಧನ’ ಎಂಬ ಅಂಕಣದಿಂದ ಕತ್ತರಿಸಿದ ನಾಲ್ಕು ಸಾಲು. ಮೃತರಿಗೆ ಇಷ್ಟು ಮಂದಿ ಪುತ್ರರು, ಇಷ್ಟು ಮಂದಿ ಪುತ್ರಿಯರು ಎಂಬ ಅದೇ ಒಕ್ಕಣೆ. ಮೂರರಲ್ಲೂ ಒಂದೇ ಹೆಸರು, ನಾನು ಎಂದೂ ಕೇಳದ ಹೆಸರು.

“ಇದು ಯಾರದೋ ಮಾರಾಯ?”

“ಅವ್ವಂದು.”

“ಅವ್ವತ್ತಿ ಹೆಸರು ಇದಾ?”

“ಮತ್ತ? ನಿನಗ ಗೊತ್ತಿಲ್ಲೇನು?”

ಐವತ್ತು ದಾಟಿದವಳು ನಾನು. ಆಕೆಯ ತೊಡೆಯ ಮೇಲೆ ಮಲಗಿ ಬೆಳೆದವಳು. ಗೊತ್ತಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸದೆಯೇ, “ಹೂಂ, ಮೊದಲ ಹೆಣ್ಣು ಕೂಸಿಗೆ ಗಂಡನ ತಾಯಿ ಹೆಸರು ಇಡೋದು ಪದ್ಧತಿ. ಇಟ್ಟ ಮ್ಯಾಲ ಅತ್ತಿ ಹೆಸರು ಸೊಸಿ ಬಾಯಾಗ ಹೆಂಗ ಬರಬೇಕು? ಅದಕ್ಕ ಅವ್ವಿ ಅಂತ ಕರದಿರತಾಳ” ಎಂದಳು. ಅವಳಿಗೆ ಅದೊಂದು ದೊಡ್ಡ ವಿಷಯವೇ ಅಲ್ಲ. ನನಗೆ ಮಾತ್ರ ಅಜ್ಜಿಯ ಗಂಗಾಳ ನೆನಪಾಗಿ ಮೈ ಜುಮ್ಮೆಂದಿತು. ‘ಉಣ್ಣೋದು ತಾ’ ಎನ್ನುತ್ತಿದ್ದಳಲ್ಲ! ಹೊಳಿಪೂಜೆ ಎನ್ನುತ್ತಿದ್ದಳಲ್ಲ! ಮುಖವನ್ನೇ ನೋಡದ ಅತ್ತೆಯ ಹೆಸರಿನ ಎರಡು ಅಕ್ಷರ ಬಾಯಿಗೆ ಬಂದೀತೆಂದು ಅಜ್ಜಿ ಅರವತ್ತು ವರ್ಷ ಊಟದ ತಟ್ಟೆಗೆ ಬೇರೆ ಹೆಸರು ಇಟ್ಟುಕೊಂಡು ಬದುಕಿದಳು. ಆ ಹೆಸರನ್ನು ಅಷ್ಟು ಎಚ್ಚರದಿಂದ ನೆನಪಿಟ್ಟವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಮಗಳಿಗೆ ಅದನ್ನೇ ಇಟ್ಟಳು, ಕರೆಯಲಿಲ್ಲ. ಕಲ್ಲು ಹೇಳದ್ದನ್ನು, ಹೆಳವರ ಪುಸ್ತಕ ಹೇಳದ್ದನ್ನು ಅವಳು ದಿನಕ್ಕೆ ಎರಡು ಹೊತ್ತು ಊಟದ ಸಮಯಕ್ಕೆ ನಮಗೆ ಹೇಳುತ್ತಲೇ ಇದ್ದಳು. ನಾವು ಅಣಕಿಸಿ ನಕ್ಕೆವು.

ಹೆಸರನ್ನು ಇಲ್ಲಿ ಬರೆಯಬೇಕೆಂದು ಆಸೆಯಿತ್ತು. ಅವ್ವತ್ತಿಯ ಮಗ ಒಪ್ಪಲಿಲ್ಲ. “ಮನ್ಯಾಗ ಏನಾರ ಮಾಡಿಕೋ, ನಮ್ಮವ್ವನ ಹೆಸರು ಪುಸ್ತಕದಾಗ ಬ್ಯಾಡ” ಎಂದ. ತಾಯಿ ಅವನದು, ಮಾತೂ ಅವನದೇ ನಡೆಯಲಿ. ಗಂಗಾಳದ ವಿಷಯ ಹೇಳಿದ್ದೇನಲ್ಲ, ತಿಳಿಯುವವರು ತಿಳಿಯುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ತುಂಬಿದ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋಯಿತು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಹೊಳೆಯ ದಂಡೆಯವರಿಗೆ ನಿದ್ದೆ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೆ ಒಂದು ವಾರ ಎಲ್ಲರ ಬಾಯಲ್ಲಿ ಅದೇ ಮಾತು. ಬೆಳೆಗೆ ನೀರು ಉಳಿಯಲಿ ಎಂದು ನಾನೂ ಬೇಡಿಕೊಂಡೆ. ಜೊತೆಗೆ, ಸುಳ್ಳು ಯಾಕೆ ಹೇಳಲಿ, ನೀರು ಇನ್ನೊಂದಿಷ್ಟು ಇಳಿದರೆ ಆ ಕಲ್ಲನ್ನು ಎತ್ತಿ ತರಬಹುದಿತ್ತು ಎಂದೂ ಮನಸ್ಸಿನ ಮೂಲೆಯಲ್ಲಿ ಹಾದುಹೋಯಿತು. ಗೇಟು ಕೂತಿತು, ನೀರು ನಿಂತಿತು, ಕಲ್ಲು ಅಲ್ಲೇ ಇದೆ.

2025ರ ಸುಗ್ಗಿಯಲ್ಲಿ ಹೆಳವರು ಮತ್ತೆ ಬಂದರು. ಈ ಸಲ ನಾನೇ ಹೇಳಿ ಕರೆಸಿದ್ದೆ. ಮುತ್ತಜ್ಜನ ಹೆಸರಿನ ಪಕ್ಕ ಸಂಡೂರಿನವಳ ಹೆಸರು ಬರೆಯಿರಿ ಎಂದೆ. ಹಿರಿಯ ಹೆಳವರು, “ಹಂಗ ಬರೆಯೋ ರೂಢಿ ಇಲ್ರೀ ಅಕ್ಕಾರ, ನಾಳೆ ಎಲ್ಲಾರೂ ಕೇಳತಾರ, ಪುಸ್ತಕ ಸಾಲಂಗಿಲ್ಲ” ಎಂದರು. ಪುಸ್ತಕ ಸಾಲದಿದ್ದರೆ ನಾನು ಕೊಡಿಸುತ್ತೇನೆ ಎಂದೆ. ಜೋಳ ಒಂದು ಚೀಲ, ಮೇಲೆ ಸಾವಿರ ರೂಪಾಯಿ ಎಂದು ಮಾತು ಮುಗಿಯಿತು. ಅವರು ಪುಟ ತೆಗೆದು, ಪೆನ್ನು ಝಾಡಿಸಿ, ಸಣ್ಣ ಅಕ್ಷರದಲ್ಲಿ ಬರೆದರು. ನಾನು ಬಗ್ಗಿ ಓದಿ ನೋಡಿದೆ, ಒತ್ತಕ್ಷರ ಸರಿಯಾಗಿತ್ತು. ಕಂಪ್ಲಿಯವಳ ಜಾಗ ಖಾಲಿ ಬಿಡಿಸಿದೆ. ಆಕೆಯನ್ನು ಇನ್ನು ಹುಡುಕಬೇಕು.

“ಹಂಗಾರ ನಿಮ್ಮದೂ ಬರೀಬೇಕಲ್ಲ” ಎಂದರು ಹೆಳವರು, ನಗುತ್ತ. “ಆದರ ನಿಮ್ಮನ್ನ ಕೊಟ್ಟ ಮನಿತನ ನಮ್ಮ ಪಾಲಿನದಲ್ಲ, ನಮ್ಮ ದೊಡ್ಡಪ್ಪನ ಮಕ್ಕಳ ಕಡೆ ಐತಿ. ನಿಮ್ಮ ಹೆಸರು ಎಲ್ಲಿ ಬರೀಬೇಕ್ರೀ?”

ತಮ್ಮನ ಹೆಂಡತಿ ಒಳಗಿನಿಂದ ಮೊರದ ತುಂಬ ಜೋಳ ತರುತ್ತಿದ್ದಳು. “ನನ್ನದು ಆಮೇಲೆ ನೋಡೋಣ. ಮೊದಲು ಈಕೀದು ಬರೀರಿ, ಈ ಮನೀ ಸೊಸಿ” ಎಂದೆ. ಅವಳು ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ತನ್ನ ಹೆಸರು ಹೇಳಿದಳು. ಹೆಳವರಿಗೆ ಕಿವಿ ಸ್ವಲ್ಪ ಮಂದ. ಅವಳು ಎರಡನೆಯ ಸಲ ಜೋರಾಗಿ ಹೇಳಬೇಕಾಯಿತು.